ಬಯೋನೆಟ್ಟಿನ ಕುಲಗೋತ್ರ

ನದೀಮೂಲ, ಋಷಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಕೆಸರಿನ ಒರತೆಯೋ, ಹೇಳಿಕೊಳ್ಳಲಾಗದ ಕಥೆಯೋ ಆಗಿರಬಹುದೆಂಬ ಮುಂದಾಲೋಚನೆ ಅವರದು. ಆಯುಧಮೂಲದ ವಿಷಯದಲ್ಲಿ ಮಾತ್ರ ಅವರು ಏನೂ ಹೇಳಿದಂತಿಲ್ಲ. ಈ ಸಡಿಲನ್ನು ಬಳಸಿಕೊಂಡು ನನ್ನ ತಮ್ಮ ಇಪ್ಪತ್ತು ವರ್ಷಗಳಿಂದ ಆಯುಧಗಳ ಮೂಲ ಹುಡುಕುತ್ತಿದ್ದಾನೆ. ಅವನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವೈದ್ಯ. ಹಗಲೆಲ್ಲ ಜನರ ಗಾಯಗಳಿಗೆ ಹೊಲಿಗೆ ಹಾಕುವ ಈ ಮಹಾಶಯ ರಾತ್ರಿ ಮನೆಗೆ ಬಂದು ಗಾಯ ಮಾಡುವ ಸಾಮಾನುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂಡುತ್ತಾನೆ. ಹಳೆಯ ಬಯೋನೆಟ್ಟುಗಳನ್ನು ಕೂಡಿಡುವುದು ಅವನ ಹವ್ಯಾಸ.

ಬಯೋನೆಟ್ ಎಂದರೆ ಬಂದೂಕದ ನಳಿಗೆಯ ತುದಿಗೆ ಸಿಕ್ಕಿಸುವ ಅಲಗು. ಹಿಂದಿಯವರು ಸಂಗೀನ್ ಎನ್ನುತ್ತಾರೆ. ನನ್ನ ವಯಸ್ಸಿನವರು ಅದನ್ನು ಚಿಕ್ಕಂದಿನಲ್ಲಿ ನೋಡಿದ್ದರೆ ತಾಲ್ಲೂಕು ಖಜಾನೆಯ ಮುಂದೆ ‘ತ್ರೀ ನಾಟ್ ತ್ರೀ’ ಬಂದೂಕ ಹಿಡಿದು ನಿಂತ ಪೊಲೀಸಿನವರ ಹತ್ತಿರವೇ ನೋಡಿರಬೇಕು. ನಮ್ಮ ದೇಶದಲ್ಲಿ ಇದನ್ನು ಕೂಡಿಡುವುದು ಅಂಚೆಚೀಟಿ ಕೂಡಿಟ್ಟಷ್ಟು ಸುಲಭವಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿರುವ ಆಯುಧಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಈಟಿಗಳ ಸಾಲಿನಲ್ಲೇ ಬಯೋನೆಟ್ಟಿನ ಹೆಸರೂ ಇದೆ. ಆದ್ದರಿಂದ ಊರಿಗೆ ಬರುವಾಗ ಅವನು ಚಾಕಲೇಟು ತರುತ್ತಾನೆಯೇ ಹೊರತು ಬಯೋನೆಟ್ಟು ತರುವುದಿಲ್ಲ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ನಾನೇ ಅಲ್ಲಿಗೆ ಹೋಗಿದ್ದಾಗ ಅವನ ಸಂಪತ್ತನ್ನೆಲ್ಲ ನೋಡುವ ಯೋಗ ಬಂತು.

ಬೀರುವಿನ ಕದ ತೆರೆದಾಗ ನನಗೆ ಅನ್ನಿಸಿದ್ದನ್ನು ಹಾಗೆಯೇ ಹೇಳಿಬಿಟ್ಟೆ. “ಇಂಥದ್ದನ್ನೆಲ್ಲ ಸಂಸಾರಸ್ಥರ ಮನೆಯಲ್ಲಿ ಇಟ್ಟುಕೊಳ್ಳುತ್ತಾರೇನೋ?” ಅವನು ನಕ್ಕ. “ಅಕ್ಕಾ, ನೀನು ಅಲಗು ನೋಡಬೇಡ, ಅಕ್ಷರ ನೋಡು” ಎಂದು ಕೈಗೆ ಭೂತಗಾಜು ಕೊಟ್ಟ. ಮೇಷ್ಟರ ಕೆಲಸ ಮಾಡುವವರಿಗೆ ಅಕ್ಷರ ತೋರಿಸಿದರೆ ಮುಗಿಯಿತು. ಆ ಬೇಸಿಗೆಯ ಅನೇಕ ಸಂಜೆಗಳನ್ನು ನಾನು ಕಬ್ಬಿಣದ ಮೇಲಿನ ಅಕ್ಷರ ಓದುವುದರಲ್ಲಿ ಕಳೆದೆ.

ಬಯೋನೆಟ್ ಎಂಬ ಹೆಸರು ಫ್ರಾನ್ಸಿನ ನೈರುತ್ಯ ಮೂಲೆಯ ಬಯೋನ್ ಎಂಬ ಊರಿನಿಂದ ಬಂದದ್ದೆಂದು ಹೇಳುತ್ತಾರೆ. ಮೊದಮೊದಲಿನ ಬಯೋನೆಟ್ಟಿನ ಹಿಡಿಯನ್ನು ಬಾಟಲಿಗೆ ಬಿರಡೆ ಹಾಕಿದಂತೆ ನಳಿಗೆಯ ಬಾಯಿಗೇ ತುರುಕುತ್ತಿದ್ದರು. ಬಿರಡೆ ಹಾಕಿದ ಮೇಲೆ ಗುಂಡು ಹಾರಿಸುವುದು ಹೇಗೆ? 1689ರ ಜುಲೈ 27ರಂದು ಸ್ಕಾಟ್ಲೆಂಡಿನ ಕಿಲ್ಲಿಕ್ರ್ಯಾಂಕಿ ಕಣಿವೆಯಲ್ಲಿ ಈ ಪ್ರಶ್ನೆ ಪ್ರಾಣದ ಪ್ರಶ್ನೆಯಾಯಿತು. ಸರ್ಕಾರಿ ಸೈನಿಕರು ಒಂದು ಸುತ್ತು ಗುಂಡು ಹಾರಿಸಿ, ಬಿರಡೆ ಬಯೋನೆಟ್ಟನ್ನು ನಳಿಗೆಗೆ ಸಿಕ್ಕಿಸಲು ತಡಕಾಡುತ್ತಿದ್ದಾಗಲೇ ಗುಡ್ಡಗಾಡಿನವರು ಕತ್ತಿ ಹಿರಿದು ಮೇಲಿನಿಂದ ಇಳಿದು ಬಂದರು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ತಮ್ಮ ನನ್ನನ್ನು ಆ ಕಣಿವೆಗೆ ಕರೆದುಕೊಂಡು ಹೋಗಿದ್ದ. ಈಗ ಅಲ್ಲಿ ಹಸಿರು ಮರಗಳು, ಕೆಳಗೆ ಕಲ್ಲುಗಳ ನಡುವೆ ಹರಿಯುವ ಹೊಳೆ. ಮುಂದೆ ನಳಿಗೆಯ ಹೊರಗೆ ಬಳೆಯಂತೆ ತೊಡಿಸುವ ಬಯೋನೆಟ್ ಬಳಕೆಗೆ ಬಂತು. ಬಂದೂಕದ ಬಾಯಿಯೂ ತೆರೆದೇ ಉಳಿಯಿತು.

ಅವನ ಸಂಗ್ರಹದಲ್ಲಿ ನೋಡಲು ಚೆಂದವಾದದ್ದು 1866ನೆಯ ಮಾದರಿಯ ಫ್ರೆಂಚ್ ಬಯೋನೆಟ್. ಶಾಸ್ಪೋ ಎಂಬ ಬಂದೂಕಕ್ಕೆ ಮಾಡಿದ್ದು. ಹಿತ್ತಾಳೆಯ ಹಿಡಿ, ತುರ್ಕಿಯವರ ಕತ್ತಿಯಂತೆ ಬಳುಕಿದ ಅಲಗು. ಅಲಗಿನ ಬೆನ್ನಿನ ಮೇಲೆ ಕೂಡಕ್ಷರದಲ್ಲಿ, ಕಾಪಿ ಪುಸ್ತಕ ತಿದ್ದಿದಷ್ಟು ದುಂಡಗೆ, ಕಾರ್ಖಾನೆಯ ಹೆಸರನ್ನೂ ತಿಂಗಳು ಇಸವಿಯನ್ನೂ ಕೊರೆದಿದ್ದಾರೆ. ಸೇಂತ್ ಎತಿಯೆನ್, ತ್ಯೂಲ್, ಶಾತೆಲ್‌ರೋ ಎಂದು ಒಂದೊಂದರ ಮೇಲೆ ಒಂದೊಂದು ಊರು. ಹಿಡಿಯ ಹಿತ್ತಾಳೆ ಕಂದಿಹೋಗಿತ್ತು. “ಒಂದು ಹಿಡಿ ಹುಣಸೆಹಣ್ಣು ಕೊಡು, ಹತ್ತು ನಿಮಿಷದಲ್ಲಿ ಪಳಪಳ ಅನ್ನಿಸುತ್ತೇನೆ” ಎಂದೆ. ಅವನು ಹಸುಗೂಸನ್ನು ಎತ್ತಿಕೊಂಡಂತೆ ಅದನ್ನು ಎದೆಗವಚಿಕೊಂಡ! ಉಜ್ಜಿದರೆ ಅಕ್ಷರ ಸವೆಯುತ್ತದೆ, ಅಕ್ಷರ ಸವೆದರೆ ಜಾತಕವೇ ಹೋಯಿತು ಎಂಬುದು ಅವರ ಪಂಥದ ಮೊದಲ ಸೂತ್ರವಂತೆ.

ಜಾತಕ ಓದುವ ಕ್ರಮವನ್ನೂ ಕಲಿಸಿದ. ನಮ್ಮ ಖಜಾನೆಯ ಪೊಲೀಸಿನವರ ಬಂದೂಕದ ವಂಶಕ್ಕೆ ಸೇರಿದ 1907ರ ಬ್ರಿಟಿಷ್ ಬಯೋನೆಟ್ಟನ್ನೇ ತೆಗೆದುಕೊಳ್ಳಿ. ಅಲಗಿನ ಉದ್ದ 17 ಅಂಗುಲ. ಹಿಡಿಯ ಹತ್ತಿರ ಒಂದು ಪಕ್ಕದಲ್ಲಿ ಕಿರೀಟ, ಅದರ ಕೆಳಗೆ ದೊರೆ ಜಾರ್ಜನ ಹೆಸರಿನ ‘ಜಿ ಆರ್’ ಅಕ್ಷರಗಳು, ಅದರ ಕೆಳಗೆ 1907. ಹೊಸಬರು ಇದನ್ನೇ ಹುಟ್ಟಿದ ವರ್ಷವೆಂದು ತಿಳಿಯುತ್ತಾರೆ. ಅದು ಮಾದರಿಯ ವರ್ಷ, ಅಂದರೆ ಗೋತ್ರ. ಹುಟ್ಟಿದ ತಿಂಗಳು, ವರ್ಷ ಅದರ ಕೆಳಗೆ ಸಣ್ಣದಾಗಿರುತ್ತದೆ. ಆಮೇಲೆ ತಯಾರಕರ ಹೆಸರು: ವಿಲ್ಕಿನ್ಸನ್, ಸ್ಯಾಂಡರ್ಸನ್, ಚಾಪ್‌ಮನ್, ವಿಕರ್ಸ್ ಹೀಗೆ. ಇನ್ನೊಂದು ಪಕ್ಕದಲ್ಲಿ ಸರ್ಕಾರಿ ಸ್ವತ್ತೆಂದು ಸಾರುವ ಬಾಣದ ಗುರುತು, ತನಿಖೆಯವರ ಮುದ್ರೆಗಳು, ಅಲಗನ್ನು ಬಗ್ಗಿಸಿ ಪರೀಕ್ಷಿಸಿದ್ದಕ್ಕೆ ಒಂದು ಕತ್ತರಿ ಗುರುತು. ಹಿಡಿಯ ತುದಿಯಲ್ಲಿ ಕೆಲವೊಮ್ಮೆ ದಳದ ಹೆಸರಿನ ಮೊದಲಕ್ಷರಗಳು, ಒಂದು ನಂಬರು.

ಇದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಪಾತ್ರೆಗಳು. ಮದುವೆಗೆ ಕೊಡುವ ಚೊಂಬು, ತಟ್ಟೆಗಳ ಮೇಲೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹೆಸರು, ತಾರೀಖು ಕೊರೆದುಕೊಡುವುದಿಲ್ಲವೇ? ನಮ್ಮ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿದರೆ ಮೂರು ತಲೆಮಾರಿನ ಹೆಂಗಸರ ಹೆಸರು ಓದಬಹುದು. ಬಯೋನೆಟ್ಟಿನಲ್ಲಿ ಮಾಡಿದ ಕಾರ್ಖಾನೆಯ ಹೆಸರಿದೆ, ದೊರೆಯ ಹೆಸರಿದೆ, ದಳದ ಹೆಸರಿದೆ. ಹಿಡಿದವನ ಹೆಸರೊಂದಿಲ್ಲ, ಅವನು ಬರೀ ನಂಬರು.

ಅಪರೂಪ ಎಂಬ ಮಾತಿನ ಅರ್ಥವೂ ಈ ಲೋಕದಲ್ಲಿ ವಿಚಿತ್ರವಾದದ್ದು. 1907ರ ಬಯೋನೆಟ್ಟಿಗೆ ಮೊದಲು ಅಡ್ಡಪಟ್ಟಿಯಲ್ಲಿ ಒಂದು ಕೊಕ್ಕೆಯಿತ್ತು. ಎದುರಾಳಿಯ ಅಲಗನ್ನು ಸಿಕ್ಕಿಸಿ ತಿರುವಲೆಂದು ಜಪಾನಿನ ಬಯೋನೆಟ್ಟನ್ನು ನೋಡಿ ಇಟ್ಟದ್ದು. ಅದರಿಂದ ಏನೂ ಉಪಯೋಗವಿಲ್ಲವೆಂದು 1913ರಲ್ಲಿ ಕೈಬಿಟ್ಟರು. ರಿಪೇರಿಗೆ ಬಂದ ಹಳೆಯವುಗಳ ಕೊಕ್ಕೆಯನ್ನೂ ಕತ್ತರಿಸಿ ಕಳಿಸಿದರು. ತಪ್ಪಿಸಿಕೊಂಡು ಉಳಿದ ಕೆಲವಕ್ಕೆ ಇಂದು ವಿಪರೀತ ಬೆಲೆ. ಕೆಲಸಕ್ಕೆ ಬಾರದ್ದೆಂದು ಬಿಟ್ಟದ್ದೇ ಈಗ ಹೆಚ್ಚಿನದು! ಬೆಲೆ ಬಂದ ಕಡೆ ಮೋಸವೂ ಬರುತ್ತದೆ. ಹೊಸ ಕೊಕ್ಕೆ ಬೆಸೆದು ಮಾರುವವರಿದ್ದಾರೆ. ಹೆಸರಾಂತ ದಳದ ಅಕ್ಷರಗಳನ್ನು ಹೊಸದಾಗಿ ಒತ್ತಿ ಮಾರುವವರೂ ಇದ್ದಾರೆ. ಹಳೆಯ ಮುದ್ರೆಯ ಅಂಚು ಸವೆದು ಮೆತ್ತಗಿರುತ್ತದೆ, ಹೊಸದು ಬೆರಳಿಗೆ ತರಚುತ್ತದೆ ಎಂದು ತಮ್ಮ ಕಣ್ಣು ಮುಚ್ಚಿ ಸವರಿ ತೋರಿಸಿದ.

ಕೆಲವು ಬಯೋನೆಟ್ಟುಗಳು ಅಕ್ಷರವಿಲ್ಲದೆಯೂ ಮಾತಾಡುತ್ತವೆ. ಒಂದು ಜರ್ಮನ್ ಅಲಗಿನ ಬೆನ್ನಿಗೆ ಗರಗಸದ ಹಲ್ಲುಗಳಿದ್ದ ಗುರುತಿದೆ, ಹಲ್ಲುಗಳಿಲ್ಲ. ಮರ ಕೊಯ್ಯಲೆಂದು ಮಾಡಿದ ಹಲ್ಲುಗಳು ಅವು. ಆದರೆ ಮೊದಲ ಮಹಾಯುದ್ಧದಲ್ಲಿ ಎದುರು ಪಕ್ಷದವರು ಅದನ್ನು ಚಿತ್ರಹಿಂಸೆಯ ಸಾಧನವೆಂದು ಕಂಡು ಕಿಡಿಕಾರಿದರು. ಯುದ್ಧ ಮುಗಿಯುವ ಮೊದಲೇ ಜರ್ಮನರು ಅನೇಕ ಅಲಗುಗಳ ಹಲ್ಲುಗಳನ್ನು ಅರೆದು ತೆಗೆದರು. ಜಪಾನಿನ ಎರಡು ಬಯೋನೆಟ್ಟುಗಳನ್ನು ಅವನು ಅಕ್ಕಪಕ್ಕ ಇಟ್ಟಿದ್ದಾನೆ. ಎರಡೂ 1897ರ ಮಾದರಿಯವೇ. ಒಂದಕ್ಕೆ ಕೊಕ್ಕೆ, ಅಲಗಿನ ಉದ್ದಕ್ಕೂ ನೀಟಾದ ಗಾಡಿ, ಲೋಹದ ಒರೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಮಾಡಿದ ಇನ್ನೊಂದಕ್ಕೆ ಕೊಕ್ಕೆಯಿಲ್ಲ, ಗಾಡಿಯಿಲ್ಲ, ಒರೆ ಮರದ್ದು. ಒಂದು ದೇಶ ಬರಿಗೈಯಾಗುತ್ತ ಹೋದದ್ದನ್ನು ಹೇಳಲು ಆ ಎರಡೇ ಸಾಕು.

ನಮ್ಮ ದೇಶದ್ದೂ ಒಂದಿತ್ತು. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ಮಾಡಿದ್ದು. ಎರಡನೆಯ ಮಹಾಯುದ್ಧದ ಕಾಲಕ್ಕೆ 17 ಅಂಗುಲದ ಅಲಗು ನಮ್ಮಲ್ಲಿ 12 ಅಂಗುಲಕ್ಕೆ ಇಳಿದಿತ್ತು. ಅದರ ಮೇಲೆ ‘ಜಿ ಆರ್’ ಅಲ್ಲ, ‘ಜಿ ಆರ್ ಐ’. ಆ ಕೊನೆಯ ‘ಐ’ ಅಂದರೆ ಇಂಪರೇಟರ್, ಹಿಂದೂಸ್ಥಾನದ ಚಕ್ರವರ್ತಿ. ಆ ಬಿರುದನ್ನು ಅವರು 1948ರಲ್ಲಿ ಕೈಬಿಟ್ಟರು. ಮೊದಲ ಮಹಾಯುದ್ಧ ಒಂದರಲ್ಲೇ ನಮ್ಮ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿ ಹೋಗಿದ್ದರು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆ ಒಂದಕ್ಷರವನ್ನು ಬೆರಳಿನಿಂದ ಮುಟ್ಟಿದಾಗ ಪಾಠದ ತೂಕ ತಿಳಿಯಿತು.

“ಇದರಿಂದ ಯಾರಾದರೂ ಸತ್ತಿರಬಹುದೇನೋ?” ಎಂದು ಕೇಳಿದೆ. ಈ ಪ್ರಶ್ನೆಗೆ ಅವನು ವೈದ್ಯನಾಗಿಯೇ ಉತ್ತರ ಕೊಟ್ಟ. ಮೊದಲ ಮಹಾಯುದ್ಧದ ಗಾಯಗಳಲ್ಲಿ ಬಯೋನೆಟ್ಟಿನವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಹೆಚ್ಚಿನ ಸಾವು ಫಿರಂಗಿಯ ಸಿಡಿಗುಂಡುಗಳಿಂದ. ಬಯೋನೆಟ್ಟಿನ ಕೆಲಸ ಕೊಲ್ಲುವುದಕ್ಕಿಂತ ಹೆಚ್ಚಾಗಿ ಹೆದರಿಸುವುದು. ಉಳಿದ ಹೊತ್ತಿನಲ್ಲಿ ಸೈನಿಕರು ಅದರಿಂದ ಡಬ್ಬಿಯ ಮುಚ್ಚಳ ತೆಗೆದರು, ಬ್ರೆಡ್ಡು ಸುಟ್ಟುಕೊಂಡರು. ಕೇಳಿ ಸ್ವಲ್ಪ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ. ನೂರಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಲೆಕ್ಕದ ಮಾತು. ಲಕ್ಷಗಟ್ಟಲೆ ಗಾಯಗಳಲ್ಲಿ ಅದು ಸಾವಿರಾರು ಮಕ್ಕಳಾಗುತ್ತದೆ.

ಎಲ್ಲಕ್ಕಿಂತ ಕೆಳಗಿನ ಡ್ರಾಯರಿನಲ್ಲಿ ಒಂದು ಕುರೂಪಿ ವಸ್ತು ಬಿದ್ದಿತ್ತು. ಹಿಡಿಯಿಲ್ಲ, ಅಲಗಿಲ್ಲ, ಎಂಟು ಅಂಗುಲದ ಒಂದು ಮೊಳೆ ಅಷ್ಟೆ. ಗೋಣಿಚೀಲ ಹೊಲಿಯುವ ದಬ್ಬಳದಂತಿತ್ತು. ಇದರಿಂದ ಕೊಯ್ಯಲು ಬಾರದು, ಹೆಚ್ಚಲು ಬಾರದು, ಚುಚ್ಚಲು ಮಾತ್ರ ಸಾಧ್ಯ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ನಾಲ್ಕನೆಯ ನಂಬರಿನ ರೈಫಲ್ಲಿಗೆ ಮಾಡಿಸಿದ್ದು. ಅದರ ಮೇಲೆ ತಯಾರಕರ ಹೆಸರಿಲ್ಲ, ‘ಎನ್ 67’ ಎಂಬ ಸಂಕೇತವಿತ್ತು. ಯಾವ ಕಾರ್ಖಾನೆ ಏನು ಮಾಡುತ್ತಿದೆ ಎಂಬುದು ಶತ್ರುಗಳಿಗೆ ತಿಳಿಯದಿರಲೆಂದು ಆಗ ಹೆಸರಿನ ಬದಲು ಇಂಥ ಸಂಕೇತ ಒತ್ತುತ್ತಿದ್ದರು. ‘ಎನ್’ ಎಂದರೆ ಉತ್ತರ ಭಾಗ. “67 ಅಂದರೆ ಯಾರು?” ಎಂದೆ.

“ಸಿಂಗರ್.”

“ಯಾವ ಸಿಂಗರ್?”

“ಹೊಲಿಗೆ ಮಿಷನ್ ಸಿಂಗರ್, ಅಕ್ಕ. ಇಲ್ಲೇ ಪಕ್ಕದ ಕ್ಲೈಡ್‌ಬ್ಯಾಂಕಿನಲ್ಲಿ ಕಾರ್ಖಾನೆ ಇತ್ತು.”

ನಮ್ಮಮ್ಮನ ಹತ್ತಿರ ಒಂದು ಸಿಂಗರ್ ಮಿಷನ್ ಇತ್ತು. ಅಜ್ಜಿಯಿಂದ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಊರವರ ರವಿಕೆ, ಲಂಗ, ಶಾಲೆಯ ಮಕ್ಕಳ ಚಡ್ಡಿ ಹೊಲಿದು ನಮ್ಮಿಬ್ಬರನ್ನು ಓದಿಸಿದರು. ನನ್ನ ಬಿ.ಎಡ್. ಫೀಸು, ಇವನ ಮೆಡಿಕಲ್ ಓದಿನ ಪುಸ್ತಕ, ಹಾಸ್ಟೆಲ್ಲು ಎಲ್ಲ ಆ ಸೂಜಿಯ ತುದಿಯಿಂದ ಬಂದದ್ದು. ಮಿಷನ್ ಈಗ ನನ್ನ ಮನೆಯಲ್ಲಿದೆ. ಕೂಡಲೇ ಮಗಳಿಗೆ ಫೋನ್ ಮಾಡಿ, ಅದರ ಮೇಲೆ ಒತ್ತಿರುವ ನಂಬರನ್ನು ಓದಿಸಿದೆ. ‘ವೈ’ ಅಕ್ಷರದಿಂದ ಶುರುವಾಗುವ ನಂಬರು. ತಮ್ಮ ಪಟ್ಟಿ ತೆಗೆದು ನೋಡಿದ. ಕ್ಲೈಡ್‌ಬ್ಯಾಂಕ್, 1920ರ ದಶಕ. ಇಪ್ಪತ್ತು ವರ್ಷ ಕಂಡಕಂಡ ಕಬ್ಬಿಣದ ಜಾತಕ ಬರೆದವನಿಗೆ ಮನೆಯ ಮಿಷನ್ನಿನ ಹುಟ್ಟೂರು ತನ್ನ ಮನೆಯಿಂದ ಕೆಲವೇ ಮೈಲಿ ದೂರವಿತ್ತೆಂದು ಆ ರಾತ್ರಿ ತಿಳಿಯಿತು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮರುದಿನ ರೈಲಿನಲ್ಲಿ ಹೋದೆವು. ಆ ನಿಲ್ದಾಣಕ್ಕೆ ಇಂದಿಗೂ ಸಿಂಗರ್ ಎಂದೇ ಹೆಸರು. 1980ರಲ್ಲಿ ಮುಚ್ಚಿದ ಕಾರ್ಖಾನೆ ಮಾತ್ರ ಅಲ್ಲಿಲ್ಲ. ಒಂದು ಕಾಲಕ್ಕೆ ಅಲ್ಲಿ ಹನ್ನೊಂದು ಸಾವಿರ ಜನ ದುಡಿಯುತ್ತಿದ್ದರಂತೆ. 1911ರಲ್ಲಿ ಮರಕ್ಕೆ ಮೆರುಗು ಕೊಡುವ ವಿಭಾಗದ 12 ಹೆಂಗಸರು ತಮ್ಮ ಮೇಲೆ ಹೇರಿದ ಹೆಚ್ಚಿನ ಕೆಲಸ ಮಾಡುವುದಿಲ್ಲವೆಂದು ಎದ್ದು ನಿಂತದ್ದೇ ದೊಡ್ಡ ಮುಷ್ಕರವಾಯಿತು. 1941ರ ಮಾರ್ಚ್ 13 ಮತ್ತು 14ರ ರಾತ್ರಿ ಜರ್ಮನ್ ವಿಮಾನಗಳು ಈ ಊರಿನ ಮೇಲೆ ಬಾಂಬು ಸುರಿದವು. ಸಿಂಗರ್‌ನ ಮರದ ಅಂಗಳ ಹೊತ್ತಿ ಉರಿಯಿತು. ಊರಿನಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಮಿಷನ್ನು ಮಾಡುತ್ತಿದ್ದ ಕೈಗಳು ಆ ಯುದ್ಧದ ವರ್ಷಗಳಲ್ಲೇ ಈ ದಬ್ಬಳಗಳನ್ನೂ ಮಾಡಿದವು. ಸಿಂಗರ್ ಒಂದೇ ಅಲ್ಲ, ನೂಲುವ ಯಂತ್ರ ಮಾಡುತ್ತಿದ್ದ ಆಕ್ರಿಂಗ್ಟನ್ನಿನ ಹೊವಾರ್ಡ್ ಅಂಡ್ ಬುಲ್ಲೋ ಕಾರ್ಖಾನೆಯೂ ಇದನ್ನು ಮಾಡಿತು. ನೂಲುವವರು, ಹೊಲಿಯುವವರು ಎಲ್ಲರೂ ಒಂದಲ್ಲ ಒಂದು ದಿನ ಆ ಸಾಲಿನಲ್ಲಿ ನಿಂತರು.

ಆಯುಧ ಎಂದೊಡನೆ ನಾವು ವೀರರನ್ನು ನೆನೆಯುತ್ತೇವೆ. ಮೂಲ ಹುಡುಕುತ್ತ ಹೋದರೆ ಸಿಗುವುದು ವೀರರಲ್ಲ. ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವ, ಸಂಜೆ ಮನೆಗೆ ಬಂದು ಮಕ್ಕಳ ಅಂಗಿಗೆ ಗುಂಡಿ ಹಚ್ಚುವ ಜನ. ಯುದ್ಧ ಯಾರದೋ, ನಮಗೂ ಅದಕ್ಕೂ ಏನು ಸಂಬಂಧ ಎನ್ನಲು ಇನ್ನು ನನ್ನಿಂದಾಗದು. ಹಾಗೆಂದು ಅಮ್ಮನ ಮಿಷನ್ನಿನ ಮೇಲೆ ಬೇಸರವೂ ಬರಲಿಲ್ಲ. ಒಂದೇ ಕೈಯಿಂದ ಎರಡೂ ಆಗುತ್ತದೆ, ಯಾವುದು ಆಗಬೇಕೆಂದು ಹೇಳುವವರು ಬೇರೆ ಎಲ್ಲೋ ಇರುತ್ತಾರೆ ಎಂಬುದಷ್ಟೇ ಮನಸ್ಸಿನಲ್ಲಿ ನಿಂತಿತು.

ತಮ್ಮನ ಹತ್ತಿರ ಒಂದು ದಪ್ಪ ರಿಜಿಸ್ಟರಿದೆ. ಮಾದರಿ, ಕಾರ್ಖಾನೆ, ಇಸವಿ, ದಳ, ಕೊಂಡ ದಿನ ಎಂದು ಇಂಗ್ಲಿಷಿನಲ್ಲಿ ಗೆರೆ ಎಳೆದು ಬರೆದಿಟ್ಟಿದ್ದಾನೆ. ನಾನು ಹೊರಡುವ ಹಿಂದಿನ ದಿನ ತೆರೆದು ನೋಡಿದರೆ, ಆ ಮೊಳೆಯ ಎದುರಿಗೆ ಕನ್ನಡದಲ್ಲಿ ಒಂದು ಸಾಲು ಸೇರಿತ್ತು: ‘ಅಮ್ಮನ ಮಿಷನ್ನಿನ ಊರಿನದು.’ ಕೆಳಗಿನ ಡ್ರಾಯರಿನಿಂದ ಅದು ಮೇಲಿನ ಸಾಲಿಗೆ ಬಂದಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ಹೆಚ್ಚು ಬೆಲೆಯಿಲ್ಲವಂತೆ.

ಈಗ ಮಹಾಯುದ್ಧದ ಪಾಠ ಬಂದಾಗ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಮನೆಯಲ್ಲಿರುವ ಅತ್ಯಂತ ಹಳೆಯ ಕಬ್ಬಿಣದ ಸಾಮಾನನ್ನು ಹುಡುಕಿ, ಅದರ ಮೇಲೆ ಏನಾದರೂ ಬರೆದಿದ್ದರೆ ಬರೆದುಕೊಂಡು ಬನ್ನಿ, ಉಜ್ಜಬೇಡಿ ಎನ್ನುತ್ತೇನೆ. ಬೀಗ, ತಕ್ಕಡಿಯ ಕಲ್ಲು, ಟ್ರಂಕು, ಲಾಟೀನುಗಳ ಅಕ್ಷರಗಳು ನೋಟುಪುಸ್ತಕದಲ್ಲಿ ಬರುತ್ತವೆ. ಹೋದ ವರ್ಷ ಒಬ್ಬ ಹುಡುಗಿ, “ಟೀಚರ್, ನಮ್ಮ ಮನೆ ಕುಡುಗೋಲಿನ ಮೇಲೆ ಏನೂ ಬರೆದಿಲ್ಲ, ಆದರೆ ಮಾಡಿದ್ದು ನಮ್ಮ ತಾತ” ಎಂದಳು. ಅದನ್ನೇ ಬರೆ ಎಂದೆ. ತಾತನ ಹೆಸರು ಹಾಕಿ, ಊರಿನ ಹೆಸರು ಹಾಕಿ, ಕೆಳಗೆ ಗೆರೆ ಎಳೆದು ತಂದು ತೋರಿಸಿದಳು.