ಸ್ಥಿರವೂ ಪರೀಕ್ಷೆಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ನಾಡು. ಇಲ್ಲಿಯ ರೈತನಿಗೆ ಹೊಸ ಬೀಜದ ಬಗೆಗೆ ಆಸೆಯೂ ಉಂಟು, ಅಂಜಿಕೆಯೂ ಉಂಟು. ವರ್ಷಕ್ಕೊಮ್ಮೆ ಕೈಗೆ ಬರುವ ಬೆಳೆಯನ್ನು ಪ್ರಯೋಗಕ್ಕೆ ಒಡ್ಡಲು ಅವನು ಹಿಂಜರಿದರೆ ಅದು ವಿವೇಕವೇ ಹೊರತು ಜಡತ್ವವಲ್ಲ. ನೆಟೆ ರೋಗವನ್ನು ತಾಳಿಕೊಳ್ಳುವ 'ಮಾರುತಿ' ತಳಿಯು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಅದಕ್ಕೂ ಮೊದಲು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಅದನ್ನು ರೋಗ ತುಂಬಿದ ಮಣ್ಣಿನಲ್ಲಿಯೇ ಬಿತ್ತಿ ನೋಡಿದ್ದರು. ತಾಳಲಾರದ ತಳಿಗಳು ಅಲ್ಲಿ ಒಣಗಿದುದರಿಂದಲೇ ನಮ್ಮ ಹೊಲಕ್ಕೆ ತಾಳುವ ತಳಿ ಬಂದಿತು.

ಗಣಕಯಂತ್ರದ ಲೋಕದಲ್ಲಿಯೂ ಇದೇ ನ್ಯಾಯ ನಡೆಯುತ್ತದೆಂಬುದು ಶಾಲೆಯ ಗಣಕ ಕೋಣೆಯನ್ನು ನೋಡಿಕೊಳ್ಳತೊಡಗಿದ ಮೇಲೆ ನನ್ನ ಅರಿವಿಗೆ ಬಂದ ಸಂಗತಿ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ 'ಡೆಬಿಯನ್' ಒಂದು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ತರುಣನು ಆರಂಭಿಸಿದ ಇದನ್ನು ಜಗತ್ತಿನ ಸ್ವಯಂಸೇವಕರು ಕೂಡಿ ಬೆಳೆಸುತ್ತಿದ್ದಾರೆ. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು.

ಇದರಲ್ಲಿ ಮೂರು ನೆಲೆಗಳುಂಟು. ಹೊಸ ತಂತ್ರಾಂಶವು ಮೊದಲು 'ಅಸ್ಥಿರ' ನೆಲೆಗೆ ಬರುತ್ತದೆ. ಆಟಿಕೆಗಳ ಕಥೆಯುಳ್ಳ ಚಲನಚಿತ್ರವೊಂದರಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗ ಸಿಡ್‌ನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅಲ್ಲಿ ಸಾಮಾನ್ಯವಾಗಿ 2ರಿಂದ 10 ದಿನ ಇದ್ದು, ಹೊಸ ಗಂಭೀರ ದೋಷ ಕಾಣದಿದ್ದರೆ ಅದು 'ಪರೀಕ್ಷಾ' ನೆಲೆಗೆ ಏರುತ್ತದೆ. ಸುಮಾರು ಎರಡು ವರ್ಷಗಳಿಗೊಮ್ಮೆ ಪರೀಕ್ಷಾ ನೆಲೆಯಲ್ಲಿ ಹೊಸ ಬದಲಾವಣೆಗಳಿಗೆ ತಡೆಯೊಡ್ಡಿ, ಉಳಿದ ದೋಷಗಳನ್ನು ನಿವಾರಿಸಿ, ಅದನ್ನೇ 'ಸ್ಥಿರ' ಎಂದು ಹೊರತರುತ್ತಾರೆ. 12ನೆಯ ಆವೃತ್ತಿ 2023ರ ಜೂನ್ 10ರಂದೂ 13ನೆಯದು 2025ರ ಆಗಸ್ಟ್ 9ರಂದೂ ಹೀಗೆ ಬಂದವು.

ಸ್ಥಿರವೆಂದರೆ ದೋಷರಹಿತವೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ, ಸ್ಥಿರವೆಂದರೆ ಬದಲಾಗದು ಎಂದಷ್ಟೇ ಅರ್ಥ. ಭದ್ರತೆಯ ಲೋಪಗಳಿಗೂ ಗಂಭೀರ ದೋಷಗಳಿಗೂ ಮಾತ್ರ ಅಲ್ಲಿ ತಿದ್ದುಪಡಿ ಬರುತ್ತದೆ. ಶಾಲೆಗೆ ಬೇಕಾದುದು ಇದೇ. ಜೂನ್ ತಿಂಗಳಲ್ಲಿ ಮಕ್ಕಳಿಗೆ ತೋರಿಸಿದ ಗುಂಡಿ ಮಾರ್ಚ್ ತಿಂಗಳ ಪರೀಕ್ಷೆಯಲ್ಲಿಯೂ ಅದೇ ಜಾಗದಲ್ಲಿರಬೇಕು. ಈ ಮೂರು ತಾಲ್ಲೂಕುಗಳಲ್ಲಿ ಅಧ್ಯಾಪಕನಾಗಿ ತಿರುಗಿದ ನನಗೆ ವಿದ್ಯುತ್ತೂ ಅಂತರಜಾಲವೂ ಯಾವಾಗ ಕೈಕೊಡುವುವೆಂದು ಹೇಳಲಾಗದ ಸ್ಥಿತಿಯ ಪರಿಚಯವಿದೆ. ಅಂತಲ್ಲಿ ದಿನಕ್ಕೊಂದು ಬದಲಾವಣೆಯನ್ನು ಬೇಡುವ ವ್ಯವಸ್ಥೆ ಸಲ್ಲದು. ಪರೀಕ್ಷಾ ನೆಲೆಗೆ ಭದ್ರತೆಯ ತಿದ್ದುಪಡಿಗಳು ತಡವಾಗಿ ಬರುವುದೂ ಉಂಟು. ಆದುದರಿಂದ ಮಕ್ಕಳ ಯಂತ್ರಗಳೆಲ್ಲವೂ ಸ್ಥಿರ.

ಆದರೆ ಮೂಲೆಯ ಹಳೆಯ ಯಂತ್ರವೊಂದನ್ನು ಮಾತ್ರ ನಾನು ಪರೀಕ್ಷಾ ನೆಲೆಗೆ ಬಿಟ್ಟಿದ್ದೇನೆ. ಏಕೆಂದು ಸಹೋದ್ಯೋಗಿಗಳು ಕೇಳುತ್ತಾರೆ. ಡೆಬಿಯನ್ನಿನ ಭಂಡಾರದಲ್ಲಿ 'ಗುಬ್ಬಿ', 'ನವಿಲು' ಎಂಬ ಕನ್ನಡ ಅಕ್ಷರಶೈಲಿಗಳಿವೆ. ಕನ್ನಡಕ್ಕೆ ಅನುವಾದಗೊಂಡ ತಂತ್ರಾಂಶಗಳಿವೆ. 'ರಾಷ್ಟ್ರ' ಎಂಬ ಪದದ ಎರಡು ಒತ್ತುಗಳು ಸರಿಯಾಗಿ ಕೂತಿವೆಯೇ, 'ಸೂರ್ಯ'ನ ಅರ್ಕಾವತ್ತು ತನ್ನ ಜಾಗದಲ್ಲಿದೆಯೇ ಎಂಬುದನ್ನು ಜರ್ಮನಿಯ ಪರಿಣತನು ಹೇಗೆ ಬಲ್ಲನು? ಅದನ್ನು ಕನ್ನಡ ಓದಬಲ್ಲವನೇ ನೋಡಿ ಹೇಳಬೇಕು, ಅದೂ ತಡೆ ಬೀಳುವುದಕ್ಕೆ ಮೊದಲೇ ಹೇಳಬೇಕು. ಹೇಳದೆ ಹೋದರೆ ಆ ಸಣ್ಣ ದೋಷವೂ ಸ್ಥಿರವಾಗಿಬಿಡುತ್ತದೆ. ಒಂಬತ್ತನೆಯ ತರಗತಿಗೆ ಬಂದ ಮಗು ಹತ್ತನೆಯದನ್ನು ಮುಗಿಸಿ ಹೋಗುವವರೆಗೂ ಒಡೆದ ಅಕ್ಷರವನ್ನೇ ಓದಬೇಕಾದೀತು.

ಆದಕಾರಣ ಶಾಲೆ ಬಿಟ್ಟ ಮೇಲೆ ಇಬ್ಬರು ಮೂವರು ಮಕ್ಕಳೊಡನೆ ಆ ಯಂತ್ರದ ಮುಂದೆ ಕೂರುತ್ತೇನೆ. ಪಾಠದ ಕಠಿಣ ಪದಗಳನ್ನು ಅವರು ಬೆರಳಚ್ಚಿಸುತ್ತಾರೆ. ಒಂದೊಂದು ಅಕ್ಷರವನ್ನೂ ಪುಸ್ತಕದೊಡನೆ ಹೋಲಿಸುತ್ತಾರೆ. ಕಂಡ ದೋಷವನ್ನು ಮಿಂಚಂಚೆಯಲ್ಲಿ ಬರೆದು ತಿಳಿಸಲು ಯಾವ ಪದವಿಯೂ ಬೇಡ, ಯಾರ ಅಪ್ಪಣೆಯೂ ಬೇಡ.

ಹಿಂದುಳಿದ ಸೀಮೆಯೆಂದು ಹೆಸರು ಹೊತ್ತ ನಾವು, ಬೇರೆಯವರು ಪರೀಕ್ಷಿಸಿ ಕೊಟ್ಟುದನ್ನು ಸ್ವೀಕರಿಸುವುದೇ ನಮ್ಮ ಪಾಲೆಂದು ನಂಬಿದ್ದೇವೆ. ಸ್ಥಿರವಾದುದನ್ನು ಬಳಸುವುದು ತಪ್ಪಲ್ಲ. ಆದರೆ ಎಲ್ಲರೂ ಅದನ್ನೇ ಬಳಸಿದರೆ ಸ್ಥಿರವೆಂಬುದು ಹುಟ್ಟುವುದೇ ಇಲ್ಲ. ಹತ್ತು ಯಂತ್ರಗಳ ನೆಮ್ಮದಿಗಾಗಿ ಹನ್ನೊಂದನೆಯದು ತೊಂದರೆಯನ್ನು ಹೊರಬೇಕು. ಆ ಹನ್ನೊಂದನೆಯ ಯಂತ್ರದ ಮುಂದೆ ನಮ್ಮ ಮಕ್ಕಳೂ ಕೂರಲಿ ಎಂಬುದೇ ನನ್ನ ಹಂಬಲ.