ಇಂದೋರಿನ ತೆಳು ಗೋಡೆ

ಮೊಮ್ಮಗ ಗೋಡೆಗೆ ಕಿವಿ ಹಚ್ಚಿ ಬೆರಳಿನಿಂದ ಬಡಿದ. "ಅಜ್ಜಾ, ಇದು ನಮ್ಮನಿ ಗೋಡಿ ಹಂಗ ಸಪ್ಪಳ ಮಾಡೂದಿಲ್ಲ!"

ಮೇ ತಿಂಗಳ ರಜೆಗೆ ವಿಜಯಪುರದ ಕಡೆಯಿಂದ ಇಂದೋರಿನ ಮಗಳ ಮನೆಗೆ ಹೋಗಿದ್ದೆವು. ಒಂದು ಬೆಳಿಗ್ಗೆ ಪೋಹಾ-ಜಿಲೇಬಿ ತಿಂದು, ರಾಜವಾಡಾ ಅರಮನೆ ನೋಡಿ, ಕನಾಡಿಯಾ ಕಡೆಗೆ ಹೊರಟೆವು. ಹೊಸ ವಿಧಾನದಲ್ಲಿ ಬೇಗ ಮನೆ ಕಟ್ಟಿ ತೋರಿಸಲು 2021ರ ಜನವರಿ 1ರಂದು ದೇಶದ ಆರು ನಗರಗಳಲ್ಲಿ ಅಡಿಗಲ್ಲು ಹಾಕಿದ್ದರು. ಅದರಲ್ಲಿ ಇಂದೋರಿನ ಪಾಲು 1,024 ಮನೆಗಳು. ಕಲಿಯುವವರು ಬಂದು ನೋಡಲೆಂದೇ ಇದ್ದ ಕೆಲಸ ಅದು. ನಾವು ಹೋದಾಗ ಇನ್ನೂ ನಡೆದಿತ್ತು.

ನನಗೆ ಬೇರೆಯದೇ ಕಾರಣವಿತ್ತು. ಅಪ್ಪನ ಕಾಲದ ಮಣ್ಣಿನ ಮಾಳಿಗೆ ಮನೆಯನ್ನು ಕೆಡವಿ ಕಾಂಕ್ರೀಟ್ ಮನೆ ಕಟ್ಟಿಸಿದವನು ನಾನೇ. ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಅದರ ಛತ್ತು ಕಾದ ಹಂಚಿನಂತಿರುತ್ತದೆ. ತೊಂಬತ್ತು ದಾಟಿದ ಅವ್ವ ಒದ್ದೆ ಸೀರೆ ಹೊದ್ದು ನೆಲದ ಮೇಲೆ ಮಲಗುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಇಂದೋರಿನ ಕಟ್ಟಡಕ್ಕೆ ಉಕ್ಕಿನ ಹಂದರ. ಗೋಡೆಯ ಹಲಗೆಗಳು ಕಾರ್ಖಾನೆಯಲ್ಲೇ ತಯಾರಾಗಿ ಬರುತ್ತವೆ. ಎರಡು ಕಡೆ ಸಿಮೆಂಟಿನ ತೆಳು ಹಾಳೆ, ನಡುವೆ ಥರ್ಮೊಕೋಲಿನ ಕಾಳು ಬೆರೆಸಿದ ಕಾಂಕ್ರೀಟು. ಒಂದು ಗೇಣು ದಪ್ಪವೂ ಇಲ್ಲ. ಹಲಗೆಗೆ ಹಲಗೆ ಕಚ್ಚಿಸಿ ನಿಲ್ಲಿಸುತ್ತಾರೆ. ಇಟ್ಟಿಗೆ ಗೋಡೆಗೆ ದಿನಗಟ್ಟಲೆ ನೀರುಣಿಸುತ್ತೇವಲ್ಲ, ಆ ಕೆಲಸ ಇದಕ್ಕೆ ಬೇಡ. ಸುಮಾರು 70 ಕಿಲೋಮೀಟರ್ ದೂರದ ನರ್ಮದೆಯಿಂದ ನೀರು ತರಿಸಿಕೊಳ್ಳುವ ಊರಿಗೆ ಅದೇನು ಸಣ್ಣ ಉಳಿತಾಯವೇ?

ಮಕ್ಕಳೇ, ಥರ್ಮೊಕೋಲಿನಲ್ಲಿ ನೂರಕ್ಕೆ 98 ಪಾಲು ಬರೀ ಗಾಳಿ. ಪುಟ್ಟ ಪುಟ್ಟ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ ಅಲ್ಲಾಡುವುದಿಲ್ಲ, ಹಾಗಾಗಿ ಬಿಸಿ ಅದನ್ನು ದಾಟಲು ತಡವರಿಸುತ್ತದೆ. ಕಂಬಳಿಯ ಗುಟ್ಟೂ ಇದೇ; ಅದು ಒಳಗಿನ ಬಿಸಿಯನ್ನು ಹೊರಗೆ ಬಿಡದು, ಈ ಗೋಡೆ ಹೊರಗಿನ ಬಿಸಿಯನ್ನು ಒಳಗೆ ಬಿಡದು. ಅಪ್ಪನ ಮನೆಯ ದಾರಿ ಬೇರೆ. ಎರಡು ಮೊಳದ ಮಣ್ಣಿನ ಗೋಡೆ ಮಧ್ಯಾಹ್ನದ ಬಿಸಿಲನ್ನೆಲ್ಲ ತಾನೇ ನುಂಗಿ, ಇರುಳು ತಂಪಾದ ಮೇಲೆ ಮೆಲ್ಲಗೆ ಬಿಡುತ್ತಿತ್ತು.

ಅಲ್ಲಿನ ಮೇಸ್ತ್ರಿ ಒಡೆದ ಹಲಗೆಯ ಚೂರೊಂದನ್ನು ಮೊಮ್ಮಗನ ಕೈಗಿತ್ತ. ಗಾತ್ರಕ್ಕೆ ತಕ್ಕ ಭಾರವಿಲ್ಲ. ನಡುವೆ ಬಿಳಿ ಕಾಳುಗಳು, ರವೆ ಉಂಡೆಯಲ್ಲಿ ಸಾಬೂದಾಣಿ ಬಿದ್ದಂತೆ. ರೈಲಿನಲ್ಲಿ ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಬಂದ.

ಊರಿಗೆ ಬಂದವನೇ ಮಾಳಿಗೆಯ ಬಿಸಿಲಲ್ಲಿ ಎರಡೆರಡು ಇಟ್ಟಿಗೆಯ ಮೇಲೆ ಒಂದು ಕಡೆ ಈ ಚೂರು, ಇನ್ನೊಂದು ಕಡೆ ಶಹಾಬಾದ್ ಕಲ್ಲಿನ ತುಂಡು ಇಟ್ಟ. ಮಧ್ಯಾಹ್ನ ಅವ್ವನನ್ನು ಕೈಹಿಡಿದು ಹತ್ತಿಸಿ, ಎರಡರ ಅಡಿಗೂ ಬೆರಳು ಮುಟ್ಟಿಸಿದ. ಕಲ್ಲಿನಡಿ ಅವ್ವ ಚಟ್ಟನೆ ಕೈ ತೆಗೆದಳು. ಚೂರಿನಡಿ ಕೈ ಹಾಗೇ ಇತ್ತು.

"ಛತ್ತಿನ ಮ್ಯಾಲ ಇಂಥಾದು ಹಾಕಸೂಣು, ಅವ್ವಾ?" ಎಂದೆ.

ಅವಳು ಚೂರನ್ನು ತಿರುಗಿಸಿ ಬಿಳಿ ಕಾಳೊಂದನ್ನು ಉಗುರಿನಿಂದ ಕೆದಕಿದಳು.

"ಹಾಕಸು. ಆದ್ರ ಹಳೇ ಮನಿ ಕೆಡವಿದಾಗ ಆ ಮಣ್ಣು ಹೊಲಕ್ಕ ಹಾಕಿದ್ವಿ. ಇದನ್ನ ಎಲ್ಲಿ ಹಾಕ್ತಾರಪಾ?"

ಮೊಮ್ಮಗ ನನ್ನ ಮುಖ ನೋಡಿದ.