ಬಟವಾಡೆಯ ಶನಿವಾರ

ಬಂಟ್ವಾಳದಿಂದ ಸಿದ್ದಕಟ್ಟೆ ದಾಟಿ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಆಚೆ ಬೆಳ್ತಂಗಡಿಯ ವೇಣೂರು, ಗುರುವಾಯನಕೆರೆ ಕಡೆಯಲ್ಲಿ, ಬೀಡಿ ಬ್ರಾಂಚ್ ಇಲ್ಲದ ಪೇಟೆಯೇ ಅಪರೂಪವಾಗಿತ್ತು. ಒಂದು ಹಂಚಿನ ಕೋಣೆ, ಒಂದು ತಕ್ಕಡಿ, ಎಲೆಯ ಚೀಲಗಳು, ಹೊಗೆಸೊಪ್ಪಿನ ಘಾಟು. ನಮ್ಮೂರಿನ ಬ್ರಾಂಚಿನಲ್ಲಿ ಶನಿವಾರ ಬಟವಾಡೆ. ವಾರವಿಡೀ ಚಾವಡಿಯಲ್ಲಿ ಗೆರಸೆ ಮಡಿಲಿಗಿಟ್ಟುಕೊಂಡು ಬೀಡಿ ಕಟ್ಟಿದ ಹೆಂಗಸರು ಅಂದು ಮಜೂರಿ ಎಣಿಸಿಕೊಳ್ಳುತ್ತಿದ್ದರು. ಆ ಬಟವಾಡೆ ಈಗ ಇಲ್ಲ. ಮಜೂರಿ ಬ್ಯಾಂಕ್ ಖಾತೆಗೆ ಬೀಳುತ್ತದೆ, ಮೊಬೈಲಿಗೆ ಮೆಸೇಜು ಬರುತ್ತದೆ.

ನನ್ನ ಅಮ್ಮ, ಚಿಕ್ಕಮ್ಮಂದಿರು ಆ ಬಟವಾಡೆಯ ಸಾಲಿನಲ್ಲಿ ನಿಂತವರು. ನಾನು ಇದೇ ಮೂರು ತಾಲೂಕುಗಳ ಸಣ್ಣಪುಟ್ಟ ಸಂಸ್ಥೆಗಳಿಗೆ ಕಂಪ್ಯೂಟರಿನಲ್ಲಿ ಸಂಬಳದ ಲೆಕ್ಕ ಕೂರಿಸಿಕೊಡುವ ಕೆಲಸದವನು. ಟ್ಯಾಲಿಯಂಥ ತಂತ್ರಾಂಶದಲ್ಲಿ ಮೊದಲು ಕೆಲಸಗಾರರ ಪಟ್ಟಿ ತುಂಬಬೇಕು. ಆಮೇಲೆ ಒಂದೊಂದಾಗಿ ಪೇ ಹೆಡ್: ಮೂಲ ಮಜೂರಿ, ತುಟ್ಟಿಭತ್ಯೆ, ಪಿಎಫ್, ಕಡಿತ. ತಿಂಗಳ ಸಂಬಳದವರಿಗೆ ಹಾಜರಿ ಸಾಕು. ಬೀಡಿಯಂಥ ಕೆಲಸಕ್ಕೆ ಸಾವಿರಕ್ಕೆ ಇಷ್ಟು ಎಂದು ಉತ್ಪಾದನೆಯ ಲೆಕ್ಕ ತೋರಿಸಬೇಕು. ಪಿಎಫ್ ಸಾಮಾನ್ಯವಾಗಿ ಶೇ. 12, ಬೀಡಿ ಉದ್ಯಮಕ್ಕೆ ಶೇ. 10. ಅದನ್ನು ಸರಿಮಾಡದೆ ಬಿಟ್ಟರೆ ಎಲ್ಲರ ಲೆಕ್ಕವೂ ತಪ್ಪುತ್ತದೆ. ಒಮ್ಮೆ ಸರಿಯಾಗಿ ಕೂರಿಸಿದರೆ ಮುಂದೆ ಬೀಡಿಯ ಸಂಖ್ಯೆ ತುಂಬುವುದಷ್ಟೇ ಕೆಲಸ. ಗುಣಿಸುವುದು, ಕಳೆಯುವುದು, ಬ್ಯಾಂಕಿಗೆ ಕಳಿಸುವ ಫೈಲು ಸಿದ್ಧಮಾಡುವುದು ಎಲ್ಲ ತಾನಾಗಿ ನಡೆಯುತ್ತದೆ. ಈ ಕೆಲಸದ ಮೇಲೆ ನನಗೆ ಗೌರವವಿದೆ. ಆದರೆ ಪ್ರತಿ ಸಲ 'ಕಡಿತ' ಎಂಬ ಆ ಸಾಲು ತುಂಬುವಾಗ ಬ್ರಾಂಚಿನ ಜಗಲಿ ಕಣ್ಣಮುಂದೆ ಬರುತ್ತದೆ.

ಯಾಕೆಂದರೆ ಕಡಿತ ಅಲ್ಲಿ ಬರೀ ಅಂಕಿಯಾಗಿರಲಿಲ್ಲ. ಬೀಡಿಯ ಎಲೆ ನಮ್ಮ ಕಾಡಿನದಲ್ಲ. ಮಧ್ಯಪ್ರದೇಶ, ಒಡಿಶಾ ಕಡೆಯಿಂದ ಬರುವ ತೆಂಡು ಎಲೆ. ಸಾವಿರ ಬೀಡಿಗೆ ಇಷ್ಟು ಎಲೆ, ಇಷ್ಟು ಹೊಗೆಸೊಪ್ಪು ಎಂದು ಬ್ರಾಂಚಿನಲ್ಲಿ ತೂಗಿ ಕೊಡುತ್ತಿದ್ದರು. ಮನೆಗೆ ತಂದು, ನೀರಲ್ಲಿ ನೆನೆಸಿ, ಕತ್ತರಿಸಲು ಕೂತಾಗಲೇ ಎಲೆಯ ನಿಜ ಗುಣ ಗೊತ್ತಾಗುವುದು. ತೂತು ಬಿದ್ದದ್ದು, ನರ ದಪ್ಪಗಿರುವುದು, ಸುತ್ತುವಾಗಲೇ ಹರಿಯುವುದು. ಸಾವಿರಕ್ಕೆ ಕೊಟ್ಟ ಎಲೆಯಲ್ಲಿ ಸಾವಿರ ಆಗದಿದ್ದರೆ ಬಾಕಿ ಎಲೆಯನ್ನು ಬೀಡಿ ಕಟ್ಟುವವರೇ ದುಡ್ಡು ಕೊಟ್ಟು ತರಬೇಕು. ಇಪ್ಪತ್ತೈದರ ಕಟ್ಟು ಕಟ್ಟಿ ಒಯ್ದರೆ ಚೆಕ್ಕರ್ ಬಿಡಿಸಿ ನೋಡಿ ಸಣ್ಣದು, ಸಡಿಲ ಎಂದು ಕೆಲವನ್ನು ಪಕ್ಕಕ್ಕೆ ಹಾಕುವರು.

ಬಟವಾಡೆಯ ದಿನ ಇದೆಲ್ಲದರ ವಿಚಾರಣೆ. "ಎಂತ ಮಾರಾಯ್ರೆ, ನೀವು ಕೊಟ್ಟ ಎಲೆಯೇ ಪೂರಾ ತೂತು, ಬೀಡಿ ಎಲ್ಲಿಂದ ಆಗ್ಬೇಕು?" ಎಂದು ಅಮ್ಮ ಕೇಳುತ್ತಿದ್ದದ್ದು ನೆನಪಿದೆ. ಹಿಂದೆ ನಿಂತವರು "ಹೌದು, ನಮಗೂ ಅದೇ ಚೀಲದ್ದು" ಎಂದು ದನಿ ಕೂಡಿಸುವರು. ಬ್ರಾಂಚಿನ ಲೆಕ್ಕ ಬರೆಯುವ ರೈಟರು ಪುಸ್ತಕ ತಿರುಗಿಸಿ ಅಮ್ಮನ ಮುಂದಿಟ್ಟು, ಪೆನ್ನಿನ ತುದಿಯಿಂದ ಒಂದೊಂದು ಅಂಕಿ ತೋರಿಸಿ ಹೇಳುವರು. ಕೆಲವೊಮ್ಮೆ ಹೊಡೆದು ತಿದ್ದುವರು. ಎಷ್ಟೋ ಸಲ ತಿದ್ದುತ್ತಿರಲಿಲ್ಲ. ಆದರೂ ಲೆಕ್ಕ ಅವಳ ಕಣ್ಣೆದುರೇ ನಡೆಯುತ್ತಿತ್ತು, ಎಲ್ಲರ ಕಿವಿಗೆ ಬೀಳುತ್ತಿತ್ತು.

ಆ ಕಾಲವೆಲ್ಲ ಚಿನ್ನ ಎಂದು ಹೇಳಲಾರೆ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಬೀಡಿ ಕಟ್ಟಿದ್ದುಂಟು. ಅವರ ದುಡಿಮೆಗೆ ದಾಖಲೆಯೇ ಇಲ್ಲ. ಬೀಡಿ ಕಾರ್ಮಿಕರ ಕಾನೂನು ಬಂದದ್ದು 1966ರಲ್ಲಿ. ಮನೆಯಲ್ಲಿ ಕೂತು ಕಟ್ಟುವವರಿಗೂ ಪಿಎಫ್ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಲು 1985 ಬರಬೇಕಾಯಿತು. ಹಕ್ಕು ಕೈಗೆ ಬರಲು ದಾಖಲೆ ಬೇಕು, ಕಂಪ್ಯೂಟರು ಆ ದಾಖಲೆಯನ್ನು ಗಟ್ಟಿಮಾಡಿದೆ. ಅದನ್ನು ಅಲ್ಲಗಳೆಯುವವನು ನಾನಲ್ಲ.

ಬಟವಾಡೆಗೆ ಪೆಟ್ಟು ಬಿದ್ದದ್ದು 2016ರ ನವೆಂಬರಿನಲ್ಲಿ. ನೋಟು ರದ್ದಾಯಿತು, ಚಾಲ್ತಿ ಖಾತೆಯಿಂದ ವಾರಕ್ಕೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಯಿತು. ಒಂದು ಊರಿನ ಹೆಂಗಸರಿಗೆಲ್ಲ ನಗದು ಹಂಚಬೇಕಾದ ಕೆಲಸಕ್ಕೆ ಅದು ಎಲ್ಲಿಗೆ ಸಾಕು? ಡಿಸೆಂಬರ್ ಕೊನೆಗೆ ಮಜೂರಿಯನ್ನು ಚೆಕ್ಕಿನಲ್ಲೋ ಖಾತೆಗೋ ಕೊಡಬಹುದೆಂದು ಸುಗ್ರೀವಾಜ್ಞೆ ಬಂತು. 2017ರಲ್ಲಿ ಅದೇ ಕಾನೂನಾಯಿತು.

ನಗದಿನ ಜೊತೆ ಹೋದದ್ದು ಬಹಳ. ಬ್ರಾಂಚಿನಿಂದ ಹೊರಟ ಅಮ್ಮ ನೇರ ಮನೆಗೆ ಬಂದದ್ದೇ ಇಲ್ಲ. ದಿನಸಿ ಅಂಗಡಿಯ ಬಾಕಿ, ಸಂಘದ ಕಂತು, ನಮಗೆ ಒಂದು ಪೊಟ್ಟಣ ಚಕ್ಕುಲಿ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಶುರುಮಾಡಿದ್ದು ಇಂಥ ಪುಡಿಗಾಸನ್ನು ನಂಬಿಯೇ ಅಲ್ಲವೆ? ಉಳಿದದ್ದನ್ನು ಸೀರೆಯ ಸೆರಗಿಗೆ ಗಂಟು ಹಾಕುವಳು. ಆ ಗಂಟು ಬಿಚ್ಚುವ ಅಧಿಕಾರ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಖಾತೆ ಅಮ್ಮನ ಹೆಸರಲ್ಲಿ, ಎಟಿಎಂ ಕಾರ್ಡು ಮಗನ ಪರ್ಸಿನಲ್ಲಿ, ಮೆಸೇಜು ಬರುವ ಮೊಬೈಲು ಗಂಡನ ಜೇಬಿನಲ್ಲಿ.

ಕಡಿಮೆ ಬಿದ್ದರೆ ಕೇಳುವುದು ಯಾರಲ್ಲಿ? ಬ್ಯಾಂಕಿನ ಕೌಂಟರಿನಲ್ಲಿ ಕೇಳಿದರೆ "ಕಂಪನಿಯಲ್ಲಿ ವಿಚಾರಿಸಿ" ಎನ್ನುತ್ತಾರೆ. ನಮ್ಮ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಬೇರೆ ಬ್ಯಾಂಕುಗಳೊಳಗೆ ಸೇರಿಹೋದ ಮೇಲೆ ಆ ಮಾತನ್ನು ತುಳುವಿನಲ್ಲಿ ಹೇಳುವವರು ಕೆಲವು ಕಡೆ ಸಿಗುವುದೂ ಕಷ್ಟ. ಬ್ರಾಂಚಿಗೆ ಹೋದರೆ "ಸಿಸ್ಟಮಿನಲ್ಲಿ ಹಾಗೇ ಬಂದಿದೆ ಅಕ್ಕ". ಸಿಸ್ಟಮಿನಲ್ಲಿ ಹಾಗೆ ಬರುವಂತೆ ಮಾಡಿದವರು ನನ್ನಂಥವರು. ನಾವು ಆ ಜಗಲಿಯಲ್ಲಿ ಕೂರುವವರಲ್ಲ.

ಇತ್ತೀಚೆಗೆ ನನ್ನಲ್ಲಿಗೆ ಹೆಚ್ಚು ಬರುವುದು ಕೆಲಸ ಬಿಟ್ಟ ಹಿರಿಯ ಹೆಂಗಸರು. ಪಿಎಫ್ ಕೇಳಲು ಹೋದರೆ ಆಧಾರಿನ ಹೆಸರಿಗೂ ಬೀಡಿ ಪುಸ್ತಕದ ಹೆಸರಿಗೂ ತಾಳೆ ಇಲ್ಲ. ಒಂದರಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು, ಹುಟ್ಟಿದ ವರ್ಷ ಎರಡರಲ್ಲೂ ಅಂದಾಜು. "ಇವರು ಅವರೇ, ಮದುವೆಯಾದ ವರ್ಷ ಹೆಸರು ಬದಲಾಯಿಸಿದ್ದು ನಾನೇ" ಎಂದು ಹೇಳಬಲ್ಲವರು ಹಳೆಯ ರೈಟರು ಮಾತ್ರ. ಅಂಥವರು ಇನ್ನೂ ಕೆಲವು ಊರುಗಳಲ್ಲಿ ಇದ್ದಾರೆ. ಹಳೆಯ ಬಟವಾಡೆ ಪುಸ್ತಕಗಳೂ ಕೆಲವೆಡೆ ಅಟ್ಟದ ಮೇಲಿವೆ. ಗುಜರಿಗೆ ತೂಗುವ ಮೊದಲು ಅವರನ್ನು ಕೂರಿಸಿಕೊಂಡು ಹೆಸರು ಹೆಸರಾಗಿ ಓದಿಸಿ ಬರೆದಿಡಬೇಕು. ಆ ಕೆಲಸಕ್ಕೆ ಕರೆದರೆ ನಾನು ಕಂಪ್ಯೂಟರು ಹೊತ್ತುಕೊಂಡು ಬರುತ್ತೇನೆ.